ಎಡಗೈಯ ಹಳೇ ಅಭ್ಯಾಸ

ಎರಡು ವರ್ಷದ ಹಿಂದಿನ ಆಯುಧ ಪೂಜೆ. ಪುಣೆಯ ಕೊಥ್ರೂಡ್‌ನಲ್ಲಿ ನಮ್ಮ ಸೊಸೈಟಿಯ ಪಾರ್ಕಿಂಗ್. ಇವಳು, ಅಂದರೆ ನನ್ನ ಹೆಂಡತಿ, ತನ್ನ ಆಕ್ಟಿವಾಕ್ಕೆ ಚೆಂಡುಹೂವಿನ ಹಾರ ಹಾಕಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ನನ್ನ ಪಲ್ಸರ್ ಹತ್ತಿರ ಬಂದು ಟ್ಯಾಂಕಿಗೆ ಕುಂಕುಮ ಹಚ್ಚಿದಳು. ಹಚ್ಚಿ ಮುಗಿದರೂ ಹೋಗಲಿಲ್ಲ. ಹ್ಯಾಂಡಲ್ ಹಿಡಿದು ಸುಮ್ನೆ ನಿಂತಳು.

"ರೀ, ಇದರ ಹಿಂದ ಕುಂತು ಹನ್ನೊಂದು ವರ್ಷ ಆತು. ಮುಂದ ಕುಂಡರೂದು ಯಾವಾಗ?"

ನಾನು ಧಾರವಾಡದವನು, ಇವಳು ಗದಗ ಕಡೆಯವಳು. ಇಬ್ಬರೂ ಪುಣೆಗೆ ಬಂದಮೇಲೆ ಮನೆಯ ಹೊರಗೆ ಮರಾಠಿ, ಹಿಂದಿ. ಮನೆಯೊಳಗೆ ಮಾತ್ರ ನಮ್ಮ ಭಾಷೆ. ಆ ಭಾಷೆಯಲ್ಲಿ ಇವಳು ಏನಾದರೂ ಕೇಳಿದರೆ ಅದು ತುಂಬಾ ದಿನ ಯೋಚಿಸಿ ಕೇಳಿದ್ದು ಅಂತ ನನಗೆ ಗೊತ್ತು. ದೀಪಾವಳಿ ಮುಗಿದ ಕೂಡಲೇ ಕಲಿಸ್ತೀನಿ ಅಂದೆ.

ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, "ಸ್ಕೂಟಿ ಹೊಡೀತಾಳಲ್ಲೋ, ಸಾಕಾಗಂಗಿಲ್ಲೇನು?" ಅಂದರು. ಅಮ್ಮ ಬೈಲಿಲ್ಲ, ಬರೀ ಹೆದರಿದ್ದರು. ಪುಣೆಯಲ್ಲಿ ಹೆಂಗಸರು ಗಾಡಿ ಓಡಿಸೋದು ಹೊಸದಲ್ಲ. ಇದು ಲೂನಾ ಹುಟ್ಟಿದ ಊರು. 1972ರಲ್ಲಿ ಆ ಪುಟ್ಟ ಮೊಪೆಡ್ ಬಂದಮೇಲೆ ಇಲ್ಲಿನ ಎಷ್ಟೋ ಹೆಣ್ಣುಮಕ್ಕಳು ಅದರ ಮೇಲೆ ಕಾಲೇಜಿಗೆ, ಕೆಲಸಕ್ಕೆ ಹೋದರು. ಇವತ್ತಿಗೂ ಕರ್ವೆ ರೋಡಿನ ಸಿಗ್ನಲ್ಲಿನಲ್ಲಿ ನಿಂತರೆ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡ ಹುಡುಗಿಯರ ಸಾಲೇ ಕಾಣುತ್ತೆ. ಆದರೆ ಅದೆಲ್ಲ ಗೇರ್ ಇಲ್ಲದ ಗಾಡಿ. ಬೈಕ್ ಅಂದಕೂಡಲೇ ಹೆಣ್ಣಿನ ಜಾಗ ಹಿಂದಿನ ಸೀಟು. ನಮ್ಮ ಮೋಟಾರು ವಾಹನ ನಿಯಮದಲ್ಲೂ ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಅವರ ಬಟ್ಟೆ ಗಾಲಿಗೆ ಸಿಕ್ಕದ ಹಾಗೆ ಹಿಂದಿನ ಗಾಲಿಯ ಅರ್ಧವಾದರೂ ಮುಚ್ಚಿರಬೇಕು ಅಂತ ಬರೆದಿದೆ. ನಾವು ಸೀರೆ ಗಾರ್ಡ್ ಅನ್ನೋದು ಅದನ್ನೇ. ಒಳ್ಳೆಯ ನಿಯಮ, ಎಷ್ಟೋ ಜೀವ ಉಳಿಸಿದೆ. ಆದರೂ ಅದನ್ನು ಓದುವಾಗಲೆಲ್ಲ ಸೀರೆ ಉಟ್ಟವಳು ಹಿಂದೆಯೇ ಕೂರೋದು ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ ಅನ್ನಿಸುತ್ತೆ.

ಇವಳ ಲೈಸೆನ್ಸ್ ಗೇರ್ ಇಲ್ಲದ ಗಾಡಿಯದ್ದು. ಗೇರ್ ಗಾಡಿಗೆ ಮತ್ತೆ ಲರ್ನಿಂಗ್ ಲೈಸೆನ್ಸ್ ಮಾಡಿಸಬೇಕು. ಅದು ಆರು ತಿಂಗಳು ನಡೆಯುತ್ತೆ, ಮಾಡಿಸಿ 30 ದಿನ ಆದಮೇಲೆ ಟೆಸ್ಟ್. ಕಲಿಯುವವರು ಬೈಕಿನಲ್ಲಿ ಹಿಂದೆ ಬೇರೆಯವರನ್ನು ಕೂರಿಸಿಕೊಳ್ಳುವ ಹಾಗಿಲ್ಲ, ಕಲಿಸುವವರನ್ನು ಬಿಟ್ಟು. ಮುಂದೆ ಹಿಂದೆ ಕೆಂಪು ಎಲ್ ಬೋರ್ಡ್ ಅಂಟಿಸಿದೆವು. ಎಲ್ಲ ಕಾಯಿದೆ ಪ್ರಕಾರವೇ ಮಾಡಿದೆವು.

ಆದರೂ ನಾನೊಂದು ತಪ್ಪು ಮಾಡಿದೆ.

ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬನಿದ್ದಾನೆ. ವರ್ಷಕ್ಕೊಮ್ಮೆ ಬೈಕ್ ಓಡಿಸಲು ರೇಸ್ ಟ್ರ್ಯಾಕಿಗೆ ಹೋಗುವವನು. ವಿಷಯ ಹೇಳಿದ ಕೂಡಲೇ, "ರೋಡಿಗೆ ತರಬೇಡ, ಮೊದಲು ಟ್ರ್ಯಾಕಿನಲ್ಲಿ ಕಲಿಸು" ಅಂದ. ಅವನ ಮಾತಿನಲ್ಲಿ ಹುರುಳಿತ್ತು. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ. ಎದುರಿಂದ ಯಾರೂ ಬರಲ್ಲ. ನಾಯಿ ಇಲ್ಲ, ಗುಂಡಿ ಇಲ್ಲ, ತಿರುವಿನಲ್ಲಿ ಮರಳಿಲ್ಲ. ಬಿದ್ದರೆ ಜಾರಿಕೊಂಡು ಹೋಗಲು ಬಯಲಿದೆ, ಹಿಂದೆ ಲಾರಿ ಬರುವ ಭಯವಿಲ್ಲ. ಆದರೆ ನಮ್ಮ ದೇಶದಲ್ಲಿ ಅಂಥ ಜಾಗ ಬೆರಳೆಣಿಕೆಯಷ್ಟು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, 2011ರಲ್ಲಿ ಫಾರ್ಮುಲಾ ಒನ್ ನಡೆದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. ಮೂರೂ ನಮ್ಮಿಂದ ಸಾವಿರ ಕಿಲೋಮೀಟರಿಗಿಂತ ದೂರ. ಅಲ್ಲದೆ ಅಲ್ಲಿನ ತರಬೇತಿಗಳು ಗಾಡಿ ಓಡಿಸೋದು ಆಗಲೇ ಗೊತ್ತಿರುವವರಿಗೆ. ಕ್ಲಚ್ ಬಿಟ್ಟರೆ ಇಂಜಿನ್ ಯಾಕೆ ನಿಲ್ಲುತ್ತೆ ಅಂತ ಕೇಳುವವರಿಗಲ್ಲ.

ಹಾಗಾಗಿ ನಾನು ಅವನ ಮಾತು ಬದಿಗಿಟ್ಟೆ. ಇವಳಿಗೆ ಪುಣೆಯ ರಸ್ತೆ ಹೊಸದೇ? ಹತ್ತು ವರ್ಷ ಇದೇ ಟ್ರಾಫಿಕ್‌ನಲ್ಲಿ ಸ್ಕೂಟರ್ ಓಡಿಸಿದ್ದಾಳೆ. ಬ್ಯಾಲೆನ್ಸ್ ಇದೆ, ಧೈರ್ಯ ಇದೆ. ಕ್ಲಚ್, ಗೇರ್ ಎರಡು ಸೇರಿಸಿಕೊಂಡರೆ ಆಯ್ತು ಅಂದುಕೊಂಡೆ. ಸೊಸೈಟಿಯೊಳಗೆ ಎರಡು ದಿನ ಸುತ್ತಿಸಿ, ಮೂರನೇ ದಿನ ಬೆಳಿಗ್ಗೆ ರಸ್ತೆಗೆ ತಂದೆ. ನಾನೇ ಹಿಂದೆ ಕೂತೆ.

ಪೌಡ್ ರೋಡಿಗೆ ಸೇರುವ ಒಂದು ಒಳರಸ್ತೆ, ಸ್ವಲ್ಪ ಇಳಿಜಾರು. ಇವಳು ಎರಡನೇ ಗೇರಿನಲ್ಲಿ ಚೆನ್ನಾಗಿಯೇ ಹೋಗ್ತಿದ್ದಳು. ವೇಗ 20 ಇರಬಹುದು. ಮುಂದಿದ್ದ ಆಟೋ ಗಿರಾಕಿ ಕೈ ಮಾಡಿದ ಅಂತ ತಟ್ಟನೆ ನಿಂತಿತು. ನಾನು "ಬ್ರೇಕ್! ಬ್ರೇಕ್!" ಅಂತ ಕೂಗಿದೆ. ಗಾಡಿ ನಿಲ್ಲಲಿಲ್ಲ. ನಿಲ್ಲೋದಿರಲಿ, ಯಾರೋ ಹಿಂದಿನಿಂದ ಮೆಲ್ಲಗೆ ನೂಕಿದ ಹಾಗೆ ಮುಂದೆ ಜಾರಿತು. ಆಟೋದ ಹಿಂಭಾಗಕ್ಕೆ ತಾಗಿ ಎಡಕ್ಕೆ ಬಿದ್ದೆವು.

ದೊಡ್ಡದೇನೂ ಆಗಲಿಲ್ಲ. ಇವಳ ಮೊಣಕಾಲು ತರಚಿತು. ಕ್ಲಚ್ ಲಿವರಿನ ತುದಿ ಮುರಿಯಿತು. ಆಟೋದವನು ಇಳಿದು ಬಂದು ಮೊದಲು ಕೇಳಿದ್ದು, "ತಾಈ, ಲಾಗ್ಲ ಕಾ?" ಅಂತ. ಏಟಾಯ್ತಾ ಅಂತ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ನಮ್ಮ ಕಿವಿಗೆ ಅದು ತಾಯಿ ಅಂತಲೇ ಕೇಳುತ್ತೆ. ಆ ಹೊತ್ತಿನಲ್ಲಿ ಆ ಶಬ್ದ ಕೇಳಿ ಇವಳ ಕಣ್ಣಲ್ಲಿ ನೀರು ಬಂತು.

ರಾತ್ರಿ ಮೊಣಕಾಲಿಗೆ ಔಷಧಿ ಹಚ್ಚಿಕೊಂಡು ಮಂಚದ ಮೇಲೆ ಕೂತಿದ್ದಳು. ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಹ್ಯಾಂಡಲ್ ಹಿಡಿದ ಹಾಗೆ ಮಾಡಿ, ಬೆರಳು ಮಡಚೋದು ಬಿಡೋದು ಮಾಡ್ತಿದ್ದಳು.

"ನಾ ಬ್ರೇಕ್ ಹಿಡಿದಿದ್ದೆ ರೀ. ಖರೇನ ಹಿಡಿದಿದ್ದೆ."

ಹಿಡಿದಿರಲಿಲ್ಲ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕೈ ಕಾಣಿಸಿತು. ಮಡಚಿದ್ದು ಎಡಗೈ.

ಆಗ ಎಲ್ಲ ತಿಳಿಯಿತು. ಸ್ಕೂಟರಿನಲ್ಲಿ ಎಡಗೈಯ ಲಿವರ್ ಹಿಂದಿನ ಬ್ರೇಕು. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್. ಹಿಂದಿನ ಬ್ರೇಕು ಬಲಗಾಲಿಗೆ ಹೋಗಿರುತ್ತೆ. ಇನ್ನೊಂದು ವಿಷಯವೂ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಗಾಲಿಯ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆ, ಇಲ್ಲವೇ ಗಾಲಿ ಜಾಮ್ ಆಗದ ಹಾಗೆ ತಡೆಯುವ ಎಬಿಎಸ್ ಕಡ್ಡಾಯ ಮಾಡಿದರು. ಒಟ್ಟಿಗೆ ಹಿಡಿಯುವ ವ್ಯವಸ್ಥೆಯ ಸ್ಕೂಟರಿನಲ್ಲಿ ಎಡಗೈ ಒಂದನ್ನು ಒತ್ತಿದರೆ ಮುಂದಿನ ಬ್ರೇಕು ಕೂಡ ಸ್ವಲ್ಪ ಹಿಡಿಯುತ್ತೆ. ಸ್ಕೂಟರಿಗೆ ಅದು ತುಂಬಾ ಒಳ್ಳೆಯದು. ಆದರೆ ಅಂಥ ಗಾಡಿ ಓಡಿಸಿದವರಿಗೆ ಬಲಗೈಯ ಬ್ರೇಕು ಮುಟ್ಟುವ ಪ್ರಸಂಗವೇ ಕಡಿಮೆ. ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸಿ ಬೀಳ್ತೀಯ ಅಂತ ದೊಡ್ಡವರು ಹೆದರಿಸಿದ್ದೂ ಇರುತ್ತೆ. ನನ್ನ ಅಪ್ಪನೂ ಹಾಗೇ ಹೇಳಿದ್ದರು.

ಈಗ ಆ ಇಳಿಜಾರು ನೆನೆಸಿಕೊಳ್ಳಿ. ಭಯವಾದಾಗ ಕೈ ಯೋಚಿಸಲ್ಲ, ಗೊತ್ತಿದ್ದದ್ದನ್ನು ಮಾಡುತ್ತೆ. ಹತ್ತು ವರ್ಷ ಇವಳನ್ನು ಕಾಪಾಡಿದ ಎಡಗೈ ಅವತ್ತೂ ಕಾಪಾಡಲು ಹೋಯಿತು. ಕ್ಲಚ್ ಪೂರ್ತಿ ಹಿಡಿಯಿತು. ಇಂಜಿನ್‌ಗೂ ಗಾಲಿಗೂ ಸಂಬಂಧ ತಪ್ಪಿತು. ಇಂಜಿನ್ ತಡೆ ಹಿಡಿದಿದ್ದ ಅಷ್ಟಿಷ್ಟು ವೇಗವೂ ಬಿಟ್ಟುಕೊಂಡಿತು. ಯಾರೋ ನೂಕಿದ ಹಾಗೆ ನನಗೆ ಅನ್ನಿಸಿದ್ದು ಅದೇ. ನಿಲ್ಲಿಸುವಾಗ ಕ್ಲಚ್ ಹಿಡಿಯೋದೇ ತಪ್ಪು ಅಂತಲ್ಲ. ಹಿಡಿದು, ಬ್ರೇಕು ಹಿಡಿದೆ ಅಂತ ಕೈ ನಂಬಿತಲ್ಲ, ತೊಂದರೆ ಅಲ್ಲಿತ್ತು. 20ರ ವೇಗ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಕೈ ಎಡದಿಂದ ಬಲಕ್ಕೆ ಮನಸ್ಸು ಬದಲಿಸುವ ಹೊತ್ತಿಗೆ ಆಟೋ ಬಂದಾಗಿತ್ತು. ಸಾಲದ್ದಕ್ಕೆ ಹಿಂದೆ 78 ಕೆ.ಜಿ.ಯ ನಾನು, ಕೂಗುತ್ತಾ. "ನೀವು ಒದರಿದ ಕೂಡ್ಲೆ ಇನ್ನೂ ಗಟ್ಟಿ ಹಿಡಿದೆ" ಅಂದಳು ಇವಳು. ಅದನ್ನು ಕೇಳಿ ನನಗೆ ತುಂಬಾ ನೋವಾಯಿತು.

ರಸ್ತೆ ಮೊದಲೋ ಟ್ರ್ಯಾಕ್ ಮೊದಲೋ ಅಂತ ನಾನು ಕೇಳಿಕೊಂಡದ್ದೇ ಸರಿ ಇರಲಿಲ್ಲ. ಇವಳ ಕಣ್ಣಿಗೆ ರಸ್ತೆ ಬರುತ್ತಿತ್ತು. ಎಡಗೈಗೆ ಬೈಕು ಬರುತ್ತಿರಲಿಲ್ಲ. ಕೈಗೆ ಪಾಠ ಆಗುವ ತನಕ ಯಾರೂ ಅಡ್ಡ ಬರದ ಜಾಗ ಬೇಕು. ಅದು ರೇಸ್ ಟ್ರ್ಯಾಕೇ ಆಗಬೇಕು ಅಂತೇನಿಲ್ಲ.

ಪುಣೆಯಲ್ಲಿ ಖಾಲಿ ಜಾಗ ಹುಡುಕೋದು ಸುಲಭವಲ್ಲ. ಮೈದಾನಗಳಲ್ಲಿ ಬೆಳಗಾದರೆ ಕ್ರಿಕೆಟ್. ಕೊನೆಗೆ ಹೊಳೆದದ್ದು ಮಂಗಲ ಕಾರ್ಯಾಲಯ. ಇಲ್ಲಿ ಕಲ್ಯಾಣ ಮಂಟಪಕ್ಕೆ ಹಾಗಂತಾರೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕ ಧನುರ್ಮಾಸ. ಮದುವೆ, ಮುಂಜಿ ಕಡಿಮೆ. ದೊಡ್ಡ ದೊಡ್ಡ ಪಾರ್ಕಿಂಗ್ ಬೀಗ ಹಾಕಿಕೊಂಡು ಸುಮ್ನೆ ಬಿದ್ದಿರುತ್ತೆ. ಮನೆ ಹತ್ತಿರದ ಒಂದು ಕಾರ್ಯಾಲಯದವರನ್ನು ಕೇಳಿದೆವು. ಬೆಳಿಗ್ಗೆ ಎಂಟರೊಳಗೆ ಮುಗಿಸಿ ಅಂದರು. ವಾಚ್‌ಮನ್ ಕಲಬುರಗಿ ಕಡೆಯವರು. ನಾವು ಮಾತಾಡಿಕೊಳ್ಳೋದು ಕೇಳಿ, "ನಮ್ಮವ್ರಾ?" ಅಂತ ಗೇಟು ಪೂರ್ತಿ ತೆರೆದರು. ಆ ಒಂದು ತಿಂಗಳು ದಿನಾ ನಮಗೂ ಒಂದೊಂದು ಕಪ್ ಚಹಾ ಅವರದ್ದೇ.

ಈ ಸಲ ನಾನು ಗಾಡಿ ಹತ್ತಲಿಲ್ಲ. ಮೊದಲ ದಿನ ಇಂಜಿನ್ನೂ ಹಚ್ಚಲಿಲ್ಲ. ಪಲ್ಸರ್ 140 ಕೆ.ಜಿ. ದಾಟುವ ಗಾಡಿ, ಆಕ್ಟಿವಾಕ್ಕಿಂತ ಮೂವತ್ತು ಕೆ.ಜಿ.ಯಾದರೂ ಜಾಸ್ತಿ. ಅದನ್ನು ನೂಕಿಕೊಂಡು ನಡೆದಳು. ತಿರುಗಿಸಿದಳು. ಸ್ಟ್ಯಾಂಡ್ ಹಾಕಿದಳು, ತೆಗೆದಳು. ಎಷ್ಟು ವಾಲಿದರೆ ತಡೆಯಬಹುದು, ಎಲ್ಲಿಂದ ಮುಂದೆ ಕೈ ಬಿಡಬೇಕು ಅನ್ನೋದು ಸೊಂಟಕ್ಕೆ ಗೊತ್ತಾಗಬೇಕು.

ಎರಡನೇ ದಿನ ಕ್ಲಚ್ ಮಾತ್ರ. ಒಂದನೇ ಗೇರು, ಆಕ್ಸಿಲರೇಟರ್ ಮುಟ್ಟುವ ಹಾಗಿಲ್ಲ. ಕ್ಲಚ್ ಮೆಲ್ಲಗೆ ಬಿಡುತ್ತಾ ಬಂದರೆ ಒಂದು ಕಡೆ ಇಂಜಿನ್ನಿನ ದನಿ ತಗ್ಗುತ್ತೆ, ಗಾಡಿ ಉಸಿರು ಎಳೆದ ಹಾಗೆ ಒಂದು ಹೆಜ್ಜೆ ಮುಂದೆ ಬರುತ್ತೆ. ಅಲ್ಲೇ ಹಿಡಿ, ನಿಲ್ಲಿಸು. ಮತ್ತೆ ಬಿಡು. ಅದನ್ನೇ ಐವತ್ತು ಸಲ ಮಾಡಿದಳು. ಇಪ್ಪತ್ತನೇ ಸಲಕ್ಕೆ ಇಂಜಿನ್ ಬಂದ್ ಆಗೋದು ನಿಂತಿತು. ಮೂವತ್ತನೇ ಸಲಕ್ಕೆ ಕೈ ನೋಡೋದು ಬಿಟ್ಟು ಮುಂದೆ ನೋಡತೊಡಗಿದಳು. ನಾನು ಏನೂ ಹೇಳಿರಲಿಲ್ಲ.

ಮುಖ್ಯವಾದದ್ದು ಚಪ್ಪಾಳೆಯ ಪಾಠ. ನಾನು ಗೋಡೆ ಪಕ್ಕ ನಿಲ್ಲೋದು. ಅವಳು ಎರಡನೇ ಗೇರಿನಲ್ಲಿ ಬರೋದು. ನಾನು ಯಾವಾಗ ಚಪ್ಪಾಳೆ ಹೊಡೀತೀನೋ ಆಗ ನಿಲ್ಲಿಸಬೇಕು. ಕೂಗಾಟ ಇಲ್ಲ, ಬರೀ ಚಪ್ಪಾಳೆ. ಬಲಗೈ ಬ್ರೇಕನ್ನು ನಿಂಬೆಹಣ್ಣು ಹಿಂಡಿದ ಹಾಗೆ ಹಿಡಿಯಬೇಕು, ತಟ್ಟನೆ ಕಿತ್ತ ಹಾಗಲ್ಲ. ಬ್ರೇಕು ಹಿಡಿದಾಗ ಗಾಡಿಯ ಭಾರ ಮುಂದಿನ ಗಾಲಿಯ ಕಡೆಗೆ ಬರುತ್ತೆ. ಮೆಲ್ಲಗೆ ಒತ್ತುತ್ತಾ ಹೋದರೆ ಆ ಗಾಲಿ ಚೆನ್ನಾಗಿ ನೆಲ ಕಚ್ಚುತ್ತೆ. ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದ್ದೇ. ಜೊತೆಗೆ ಬಲಗಾಲು. ಗಾಡಿ ಇನ್ನೇನು ನಿಲ್ಲುತ್ತೆ ಅನ್ನುವಾಗ ಎಡಗೈ. ಅಲ್ಲಿಯ ತನಕ ಎಡಗೈಯ ನಾಲ್ಕೂ ಬೆರಳು ಹಿಡಿಕೆಯ ಸುತ್ತ ಇರಬೇಕು, ಲಿವರಿನ ಮೇಲಲ್ಲ. ಹಿಡಿಯುವ ಅಭ್ಯಾಸ ಬಿಡಿಸಲು ನಾವಿಬ್ಬರೇ ಮಾಡಿಕೊಂಡ ಕ್ರಮ ಇದು. ಗಾಬರಿಯಲ್ಲಿ ಕ್ಲಚ್ಚೂ ಬ್ರೇಕೂ ಒಟ್ಟಿಗೆ ಹಿಡಿಯಲು ಕಲಿಸುವವರೂ ಇದ್ದಾರೆ. ಬ್ರೇಕು ಯಾವುದು ಅಂತ ಕೈಗೆ ಗೊತ್ತಿದ್ದವರಿಗೆ ಅದು ಸರಿಯೇ.

ಮೊದಲ ದಿನ ಹತ್ತರಲ್ಲಿ ಏಳು ಸಲ ಚಪ್ಪಾಳೆಗೆ ಎಡಗೈಯೇ ಮೊದಲು ಓಡಿತು. ನಾನು ಆ ಬೆರಳುಗಳನ್ನೇ ನೋಡ್ತಾ ನಿಲ್ಲುತ್ತಿದ್ದೆ. ಚಳಿಗೆ ಗಂಟು ಬಿಳಿಚಿಕೊಂಡಿರುತ್ತಿತ್ತು. ಚಪ್ಪಾಳೆ ಬಿದ್ದಕೂಡಲೇ ಕಿರುಬೆರಳು ಮೊದಲು ಜಿಗಿಯುತ್ತಿತ್ತು, ಉಳಿದ ಮೂರು ಅದರ ಹಿಂದೆ. ಎರಡನೇ ವಾರಕ್ಕೆ ಕಿರುಬೆರಳು ಒಂದೇ ಎದ್ದು, ತಡೆದುಕೊಂಡು, ಮತ್ತೆ ಮಡಚಿಕೊಂಡಿತು. ಅದನ್ನು ನೋಡಿದ ದಿನ ನನಗೆ ಆದ ಸಂತೋಷ ಹೇಳಲಾರೆ. ಅವಳು ಗಾಡಿ ನಿಲ್ಲಿಸಿ, "ಈಗ ಸುಮ್ನ ಇತ್ತಲ್ರೀ?" ಅಂತ ಕೇಳಿದಳು. ಹ್ಞೂಂ, ಸುಮ್ನೆ ಇತ್ತು.

ಎಂಟರ ಆಕಾರದಲ್ಲಿ ಓಡಿಸಲು ನೆಲದ ಮೇಲೆ ಗೆರೆ ಬೇಕಿತ್ತು. ಮನೆಯಿಂದ ರಂಗೋಲಿ ಪುಡಿ ತಂದು ಇವಳೇ ಎಳೆದಳು. ನಾನು ಎಳೆದಿದ್ದರೆ ಎರಡು ಸೊನ್ನೆ ಆಗುತ್ತಿತ್ತು. ಇವಳದ್ದು ಒಂದೇ ಎಳೆ, ಎಲ್ಲೂ ಕೈ ಎತ್ತದೆ ಎಳೆದದ್ದು. ಅದರ ಮೇಲೆಯೇ ಗಾಡಿ ಹೋಗಬೇಕು, ಕಾಲು ನೆಲಕ್ಕೆ ತಾಗಬಾರದು. ಇಲ್ಲಿ ಕಣ್ಣಿನ ಪಾಠ ಬಂತು. ಗೆರೆ ನೋಡಿದರೆ ಗೆರೆ ತಪ್ಪುತ್ತೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಮುಖ ತಿರುಗಿಸಿದರೆ ಗಾಡಿ ತಾನೇ ಅಲ್ಲಿಗೆ ತಿರುಗುತ್ತೆ. ಗುಂಡಿ ನೋಡ್ತಾ ಹೋದವರು ಗುಂಡಿಗೇ ಬೀಳೋದು ಇದಕ್ಕೇ.

ಸಂಕ್ರಾಂತಿ ಆಯ್ತು, ಕಾರ್ಯಾಲಯಕ್ಕೆ ಮದುವೆಗಳು ಬಂದವು, ನಾವು ರಸ್ತೆಗೆ ಬಂದೆವು. ಅವಳು ಪಲ್ಸರ್‌ನಲ್ಲಿ ಮುಂದೆ, ನಾನು ಅವಳ ಆಕ್ಟಿವಾದಲ್ಲಿ ಹಿಂದೆ. ಇಲ್ಲಿಂದ ಮುಂದೆ ಕಲಿತವನು ನಾನೇ. ಒಂದು ದಿನ ಕರ್ವೆ ಪುತಳಿ ಹತ್ತಿರ ಆಟೋ ಒಂದು ಸಿಗ್ನಲ್ ಹಾಕದೆ ಬಲಕ್ಕೆ ಹೊರಳಿತು. ನನಗಿಂತ ಮುಂದಿದ್ದ ಇವಳು ಅದಕ್ಕೂ ಮೊದಲೇ ನಿಧಾನ ಮಾಡಿದ್ದಳು. ಹೇಗೆ ಗೊತ್ತಾಯ್ತು ಅಂದೆ. "ಆಟೋದವನ ಕೈ ನೋಡಬ್ಯಾಡ್ರಿ, ಮುಂದಿನ ಗಾಲಿ ನೋಡ್ರಿ. ಅದು ಮೊದಲ ತಿರುಗತೈತಿ." ಇಪ್ಪತ್ತು ವರ್ಷ ಬೈಕ್ ಓಡಿಸಿದ ನನಗೆ ಇದು ಗೊತ್ತಿರಲಿಲ್ಲ. ಬಸ್ ಸ್ಟಾಪಿನಿಂದ ಬಸ್ ಯಾವಾಗ ಹೊರಡುತ್ತೆ, ಯಾವ ನೀರಿನ ಕೆಳಗೆ ಗುಂಡಿ ಇರುತ್ತೆ, ಯಾವ ಹುಡುಗ ಫೋನ್ ನೋಡ್ತಾ ರಸ್ತೆ ದಾಟುತ್ತಾನೆ, ಎಲ್ಲ ಅವಳ ಕಣ್ಣಿಗೆ ಮೊದಲೇ ಬೀಳುತ್ತೆ. ಸಣ್ಣ ಗಾಡಿಯಲ್ಲಿ ಹತ್ತು ವರ್ಷ ಎಲ್ಲರೂ ಪಕ್ಕಕ್ಕೆ ಒತ್ತಿದ್ದರಿಂದ ಬಂದ ವಿದ್ಯೆ ಅದು. ಟ್ರ್ಯಾಕಿನಲ್ಲಿ ಇದು ಸಿಗಲ್ಲ. ಎದುರಿಂದ ಯಾರೂ ಬರಲ್ಲ ಅನ್ನುವ ನಂಬಿಕೆಯಲ್ಲೇ ಕಲಿತವರು ಮೊದಲ ಸಲ ಪುಣೆಯ ಟ್ರಾಫಿಕ್‌ಗೆ ಬಂದರೆ ಹೇಗೆ ಅಂತ ನನಗೆ ಚಿಂತೆ ಆಗುತ್ತೆ.

ಹಾಗಂತ ಗೆಳೆಯನ ಮಾತು ಸುಳ್ಳಲ್ಲ. ರಸ್ತೆಯಲ್ಲಿ 60ರ ವೇಗದಿಂದ ಪೂರ್ತಿ ಬ್ರೇಕು ಹಿಡಿದು ನೋಡಲು ಆಗಲ್ಲ, ಹಿಂದಿನವರು ಬಂದು ಗುದ್ದುತ್ತಾರೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕರಷ್ಟಾಗುತ್ತೆ. ಅದನ್ನು ಮೈಯಿಂದ ತಿಳಿಯಲು ಟ್ರ್ಯಾಕೇ ಸರಿ. ಇವಳಿಗೂ ಆಸೆ ಇದೆ. 2019ರಲ್ಲಿ ಬಾಹಾ ಅನ್ನುವ ಕಚ್ಚಾ ಹಾದಿಯ ಬೈಕ್ ರೇಸಿನ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರ ಫೋಟೋ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ಬರುವ ಚಳಿಗಾಲದಲ್ಲಿ ಚೆನ್ನೈಗೆ ಹೋಗೋಣ ಅಂತ ಮಾತಾಗಿದೆ.

ಟೆಸ್ಟ್ ಪಾಸಾಯಿತು. ಯುಗಾದಿಗೆ ಅವಳದ್ದೇ ಗಾಡಿ ಬಂತು, ಅವೆಂಜರ್. ಸೀಟಿನ ಎತ್ತರ 737 ಮಿಲಿಮೀಟರ್, ಪಲ್ಸರಿಗಿಂತ ಸುಮಾರು ಐದು ಸೆಂಟಿಮೀಟರ್ ಕಡಿಮೆ. ಅವಳ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತೆ. ಪಾದ ಊರಿದರೆ ಅರ್ಧ ಭಯ ಹೋಗುತ್ತೆ. ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು, ಗ್ಲೌಸು, ಪಾದದ ಗಂಟು ಮುಚ್ಚುವ ಶೂ ತೆಗೆದುಕೊಂಡೆವು. ದುಪಟ್ಟಾ ಬ್ಯಾಗಿನೊಳಗೆ.

ಈ ಜನವರಿಯಲ್ಲಿ ಧಾರವಾಡಕ್ಕೆ ಹೊರಟೆವು, ಎರಡು ಗಾಡಿಯಲ್ಲಿ. ಬೆಳಿಗ್ಗೆ ಐದೂವರೆಗೆ ಪುಣೆಯ ಅಂಚಿನ ನವಲೆ ಸೇತುವೆ ದಾಟಿದೆವು. ಹೋಗುವಾಗ ಅದು ಏರು. ಬರುವಾಗ ಕಾತ್ರಜ್ ಸುರಂಗದಿಂದ ಇಳಿಜಾರು, ಲಾರಿಗಳ ಬ್ರೇಕು ಕೈಕೊಡುವ ಜಾಗ, ಅಲ್ಲಿ ನಿಧಾನ ಅಂತ ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು. ಖಂಬಾಟಕಿ ಘಾಟಿಯಲ್ಲಿ ಅವಳು ಮುಖವನ್ನು ತಿರುವಿನಾಚೆಗೆ ತಿರುಗಿಸೋದು ಹಿಂದಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ರಂಗೋಲಿಯ ಎಂಟು ನೆನಪಾಯಿತು.

ಕರಾಡ್ ದಾಟಿದ ಮೇಲೆ ಕಬ್ಬಿನ ಸೀಮೆ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಒಂದು ಪಕ್ಕದ ಹಾದಿಯಿಂದ ನೇರ ಹೈವೇಗೆ ಬಂತು. ನಿಲ್ಲಲಿಲ್ಲ, ನೋಡಲಿಲ್ಲ. ಇವಳು ಅದಕ್ಕಿಂತ ಅರವತ್ತು ಎಪ್ಪತ್ತು ಮೀಟರ್ ಹಿಂದೆ. ನನ್ನ ಬಾಯಿಗೆ ಕೂಗು ಬಂತು, ಹೆಲ್ಮೆಟ್ಟಿನೊಳಗೇ ಉಳಿಯಿತು. ಅವೆಂಜರ್‌ನ ಕೆಂಪು ದೀಪ ಹತ್ತಿತು. ಮುಂಭಾಗ ತಗ್ಗಿತು. ಗಾಡಿ ಗೆರೆ ಎಳೆದ ಹಾಗೆ ನೇರವಾಗಿ ನಿಧಾನವಾಯಿತು, ಟ್ರೇಲರ್ ಹಿಂದೆ ಸಾಕಷ್ಟು ಜಾಗ ಬಿಟ್ಟು ನಿಂತಿತು. ಒಂದು ಕ್ಷಣ ಬಿಟ್ಟು ಮತ್ತೆ ಹೊರಟಳು.

ಕಾಗಲ್ ಆಯ್ತು, ಕೊಗನೊಳ್ಳಿ ಬಂತು, ಕನ್ನಡ ಬೋರ್ಡುಗಳು ಶುರುವಾದವು. ನಿಪ್ಪಾಣಿ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಗ್ಲೌಸು ತೆಗೆದು ಮೇಜಿನ ಮೇಲಿಟ್ಟಳು. ಎಡಗೈ ಬೆರಳು ಬಿಡಿಸಿ, ಮಡಚಿ, ಮತ್ತೆ ಬಿಡಿಸಿದಳು.

"ನೋಯಾಕತ್ತೈತೇನು?" ಅಂದೆ.

"ಸ್ವಲ್ಪ."

"ಆ ಟ್ರ್ಯಾಕ್ಟರ್ ಬಂದಾಗ ಎಡಗೈ ಏನು ಮಾಡ್ತು?"

ಇವಳು ಕೈಯನ್ನು ಒಮ್ಮೆ ತಿರುಗಿಸಿ ನೋಡಿದಳು.

"ನೆನಪಿಲ್ರೀ," ಅಂದಳು. ಆಮೇಲೆ ಅದೇ ಕೈಯಿಂದ ಚಹಾದ ಗ್ಲಾಸು ಎತ್ತಿಕೊಂಡಳು.